ಕಣ್ಕಟ್ಟಿನ ಕಲೆಗಾರ ದಾದಾಸಾಹೇಬ ಫಾಲ್ಕೆ

ಬೆಳಗಾವಿ ಜಿಲ್ಲೆಯ ಕಾಗವಾಡ ತಾಲೂಕಿನ ಶಿರಗುಪ್ಪಿ ನನ್ನ ಊರು. ಗಡಿಭಾಗದ ಊರಾದುದರಿಂದ ನಮಗೆ ಮಿರಜ, ಸಾಂಗಲಿ, ಕೊಲ್ಲಾಪುರಗಳು ಹತ್ತಿರ, ಬೆಂಗಳೂರು ದೂರ. ನಾನು ಬಾಲಕನಾಗಿದ್ದಾಗ, ಸುಗ್ಗಿ ಮುಗಿದ ದಿನಗಳಲ್ಲಿ, ನಮ್ಮ ಸೀಮೆಗೆ ಡೇರೆಯ ಸಿನಿಮಾ ಬರುತ್ತಿತ್ತು. ಜನರು ಚಕ್ಕಡಿ ಕಟ್ಟಿಕೊಂಡು, ರೊಟ್ಟಿಯ ಗಂಟು ಹಿಡಿದು, ಹೊತ್ತು ಮುಳುಗುವ ಮೊದಲೇ ಡೇರೆಯ ಮುಂದೆ ಸೇರುತ್ತಿದ್ದರು. ಒಂದು ರಾತ್ರಿ ಅಜ್ಜಿಯ ಜೊತೆಯಲ್ಲಿ ನಾನೊಂದು ಪೌರಾಣಿಕ ಚಿತ್ರವನ್ನು ನೋಡಿದೆ. ಹನುಮಂತನು ಬಂಡೆಯ ಮೇಲೆ ನಿಂತು, ಮೈ ಬೆಳೆಸಿ, ಸಮುದ್ರದ ಮೇಲೆ ಹಾರಿದನು. ಡೇರೆಯಲ್ಲಿ ಕುಳಿತವರೆಲ್ಲ ಕೈ ಮುಗಿದರು. ಅಜ್ಜಿಯ ಕಣ್ಣಲ್ಲಿ ನೀರಿತ್ತು.

ಮುಂದೆ ಕೆಲವು ದಿನಗಳ ಮೇಲೆ, ಪರೀಕ್ಷೆಯ ಅರ್ಜಿಗೆ ಬೇಕಾದ ಭಾವಚಿತ್ರ ತೆಗೆಸಲು ನಾನು ಸಮೀಪದ ಪಟ್ಟಣದ ಫೋಟೋ ಸ್ಟುಡಿಯೋಗೆ ಹೋದೆ. ಅಲ್ಲಿನ ಗೋಡೆಯ ಮೇಲೆ ಒಂದು ವಿಚಿತ್ರವಾದ ಚಿತ್ರವಿತ್ತು. ಒಬ್ಬನೇ ಮನುಷ್ಯನು ಮೇಜಿನ ಎರಡು ಬದಿಗೂ ಕುಳಿತು, ತನಗೆ ತಾನೇ ಚಹಾ ಕೊಡುತ್ತಿದ್ದನು! ನನ್ನ ಬೆರಗನ್ನು ಕಂಡು ಛಾಯಾಗ್ರಾಹಕರು ನಕ್ಕರು. ಮಸೂರದ ಅರ್ಧ ಭಾಗಕ್ಕೆ ಕಪ್ಪು ರಟ್ಟನ್ನು ಮರೆಯಾಗಿ ಹಿಡಿದು ಮೊದಲು ಎಡಗಡೆಯ ಚಿತ್ರವನ್ನೂ, ಆಮೇಲೆ ರಟ್ಟನ್ನು ಸರಿಸಿ ಅದೇ ಫಿಲ್ಮಿನ ಮೇಲೆ ಬಲಗಡೆಯ ಚಿತ್ರವನ್ನೂ ತೆಗೆದ ಬಗೆಯನ್ನು ನನಗೆ ತಿಳಿಸಿಕೊಟ್ಟರು. ಸಿನಿಮಾದವರ ಆಟವೂ ಇದರ ಅಣ್ಣನೇ ಎಂದರು.

ದೊಡ್ಡ ಗುಟ್ಟೊಂದು ಕೈಸೇರಿದವನಂತೆ ಮನೆಗೆ ಓಡಿ ಬಂದು, "ಆಯಿ, ಅವತ್ತು ಹನುಮಪ್ಪ ಹಾರಲೇ ಇಲ್ಲ. ಅದೆಲ್ಲ ಫೋಟೋದವರ ಕಣ್ಕಟ್ಟು" ಎಂದೆ. ಅಜ್ಜಿ ಸಿಟ್ಟಾಗಲಿಲ್ಲ. ಜೋಳ ಹಸನು ಮಾಡುತ್ತಿದ್ದ ಕೈಯನ್ನು ನಿಲ್ಲಿಸಿ, "ಹೌದೇನು ತಮ್ಮಾ? ಹಂಗಾದ್ರ ಅವನನ್ನ ಹಾರಿಸಿದವ ಯಾರೋ ಒಬ್ಬ ಇರಬೇಕಲ್ಲ. ಅವನ ಹೆಸರೇನು?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಆ ಉತ್ತರವನ್ನು ಹುಡುಕಿಕೊಳ್ಳಲು ನನಗೆ ಹಲವು ವರ್ಷಗಳು ಬೇಕಾದವು.

ಆ ರಾತ್ರಿಯ ಚಿತ್ರವನ್ನು ತೆಗೆದವರು ಬೇರೆಯವರು. ಆದರೆ ನಮ್ಮ ದೇಶದಲ್ಲಿ ಹನುಮಂತನನ್ನು ಪರದೆಯ ಮೇಲೆ ಹಾರಿಸುವ ವಿದ್ಯೆಗೆ ನಾಂದಿ ಹಾಡಿದವರು ಧುಂಡಿರಾಜ ಗೋವಿಂದ ಫಾಲ್ಕೆಯವರು. ಜನರು ಪ್ರೀತಿಯಿಂದ ಅವರನ್ನು ದಾದಾಸಾಹೇಬ ಎಂದು ಕರೆದರು. ಭಾರತೀಯ ಚಲನಚಿತ್ರದ ಪಿತಾಮಹರೆಂದು ಅವರ ಹೆಸರನ್ನು ನೀವೂ ಕೇಳಿರಬಹುದು. ಆದರೆ ಅವರು ಮೊದಲು ಛಾಯಾಗ್ರಾಹಕರು, ಆಮೇಲೆ ಮುದ್ರಕರು, ನಡುವೆ ಜಾದೂಗಾರರು, ಕೊನೆಯಲ್ಲಿ ಚಿತ್ರನಿರ್ಮಾಪಕರು. ಈ ನಾಲ್ಕು ಕಸಬುಗಳೂ ಕೂಡಿಯೇ ಪರದೆಯ ಮೇಲಿನ ಆ ಕಣ್ಕಟ್ಟು ಹುಟ್ಟಿತು. ಅದು ಹೇಗೆ ಎಂಬುದೇ ಈ ಪಾಠದ ವಿಷಯ.

ಫಾಲ್ಕೆಯವರು ಹುಟ್ಟಿದ್ದು 1870ರ ಏಪ್ರಿಲ್ 30ರಂದು, ನಾಸಿಕದ ಬಳಿಯ ತ್ರ್ಯಂಬಕೇಶ್ವರದಲ್ಲಿ. ತಂದೆ ಸಂಸ್ಕೃತ ವಿದ್ವಾಂಸರು. ಪುರಾಣಗಳ ಕಥೆಗಳನ್ನು ಕೇಳುತ್ತ ಬೆಳೆದ ಬಾಲಕನಿಗೆ ಚಿತ್ರ ಬರೆಯುವುದರಲ್ಲಿ ಒಲವು. 1885ರಲ್ಲಿ ಮುಂಬಯಿಯ ಜೆ. ಜೆ. ಕಲಾಶಾಲೆಯನ್ನು ಸೇರಿದರು. ಅನಂತರ ಬರೋಡೆಯ ಕಲಾಭವನದಲ್ಲಿ ವರ್ಣಚಿತ್ರ, ಮೂರ್ತಿಶಿಲ್ಪ ಮತ್ತು ಛಾಯಾಗ್ರಹಣಗಳನ್ನು ಅಭ್ಯಾಸ ಮಾಡಿದರು. ಆ ಕಾಲದಲ್ಲಿ ಛಾಯಾಗ್ರಹಣವೆಂದರೆ ಗುಂಡಿ ಒತ್ತುವಷ್ಟು ಸುಲಭದ ಕೆಲಸವಾಗಿರಲಿಲ್ಲ. ಬೆಳ್ಳಿಯ ಲವಣವನ್ನು ಲೇಪಿಸಿದ ಗಾಜಿನ ಫಲಕದ ಮೇಲೆ ಬೆಳಕನ್ನು ಅಳೆದು ಬಿಡಬೇಕು. ಕತ್ತಲೆಯ ಕೋಣೆಯಲ್ಲಿ ರಾಸಾಯನಿಕ ದ್ರವಗಳಲ್ಲಿ ಅದನ್ನು ತೊಳೆಯಬೇಕು. ಮೂಡಿದ ಪ್ರತಿಬಿಂಬದಿಂದ ಮತ್ತೆ ಕಾಗದದ ಮೇಲೆ ಚಿತ್ರವನ್ನು ಪಡೆಯಬೇಕು. ಬೆಳಕು ಕೊಂಚ ಹೆಚ್ಚಾದರೆ ಚಿತ್ರ ಸುಟ್ಟಂತಾಗುತ್ತದೆ. ಕೊಂಚ ಕಡಿಮೆಯಾದರೆ ಮಸುಕಾಗುತ್ತದೆ. ಈ ಅಳತೆಯ ಎಚ್ಚರವೇ ಫಾಲ್ಕೆಯವರ ಮುಂದಿನ ಬಾಳಿಗೆ ಬುನಾದಿಯಾಯಿತು.

ವಿದ್ಯೆ ಕೈಹಿಡಿದರೂ ದೈವ ಬೇಗ ಕೈಹಿಡಿಯಲಿಲ್ಲ. ಗೋಧ್ರಾದಲ್ಲಿ ಛಾಯಾಗ್ರಾಹಕರಾಗಿ ಕೆಲಸ ಮಾಡುತ್ತಿದ್ದಾಗ, 1900ರ ಸುಮಾರಿಗೆ, ಪ್ಲೇಗು ಅವರ ಪತ್ನಿಯನ್ನೂ ಮಗುವನ್ನೂ ಬಲಿ ತೆಗೆದುಕೊಂಡಿತು. ಅವರು ಆ ಊರನ್ನೇ ಬಿಟ್ಟರು. ಬರೋಡೆಯಲ್ಲಿ ಸ್ಟುಡಿಯೋ ತೆರೆದರೆ, ಕ್ಯಾಮೆರಾ ಮನುಷ್ಯನ ಮೈಯ ಸತ್ವವನ್ನು ಹೀರುತ್ತದೆ ಎಂಬ ವದಂತಿ ಹಬ್ಬಿ, ಜನರು ಅದರ ಮುಂದೆ ನಿಲ್ಲಲು ಅಂಜಿದರೆಂದು ಹೇಳುತ್ತಾರೆ. ಚಿತ್ರವು ಹೇಗೆ ಮೂಡುತ್ತದೆಂಬುದನ್ನು ಅರಿಯದವನಿಗೆ ಚಿತ್ರದ ಭಯವಾಗುವುದು ಸಹಜವೇ ಆಗಿದೆ.

ಇದೇ ಅವಧಿಯಲ್ಲಿ ಜರ್ಮನಿಯ ಜಾದೂಗಾರನೊಬ್ಬನ ಪರಿಚಯವಾಗಿ, ಫಾಲ್ಕೆಯವರು ಇಂದ್ರಜಾಲವನ್ನು ಕಲಿತರು. ತಮ್ಮ ಹೆಸರಿನ ಅಕ್ಷರಗಳನ್ನು ತಿರುಗುಮುರುಗು ಮಾಡಿ, 'ಪ್ರೊಫೆಸರ್ ಕೆಲ್ಫಾ' ಎಂಬ ಹೆಸರಿನಿಂದ ಪ್ರದರ್ಶನಗಳನ್ನೂ ಕೊಟ್ಟರು. ಪ್ರೇಕ್ಷಕನ ಕಣ್ಣು ಎಲ್ಲಿ ನೋಡುತ್ತದೆ, ಎಲ್ಲಿ ನೋಡುವುದಿಲ್ಲ ಎಂಬುದನ್ನು ಅರಿತವನೇ ಜಾದೂಗಾರ. ಆ ಅರಿವು ಮುಂದೆ ಅವರ ಉಪಯೋಗಕ್ಕೆ ಬಂದಿತು.

1903ರಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಲ್ಲಿ ಛಾಯಾಗ್ರಾಹಕ ಹಾಗೂ ನಕ್ಷೆಗಾರನ ಹುದ್ದೆ ದೊರೆಯಿತು. ಸ್ವದೇಶಿ ಚಳವಳಿಯ ಬಿಸಿ ಏರಿದಾಗ ಅವರು ಸರಕಾರಿ ಹುದ್ದೆಯನ್ನು ತೊರೆದು ಬ್ಲಾಕ್ ತಯಾರಿಕೆ ಮತ್ತು ಮುದ್ರಣದ ಉದ್ಯಮಕ್ಕೆ ಇಳಿದರು. ರಾಜಾ ರವಿವರ್ಮರ ದೇವದೇವತೆಗಳ ಚಿತ್ರಗಳನ್ನು ಅಚ್ಚು ಮಾಡುತ್ತಿದ್ದ ಲೋನಾವಳದ ಮುದ್ರಣಾಲಯಕ್ಕಾಗಿಯೂ ಕೆಲಸ ಮಾಡಿದರು. 1909ರಲ್ಲಿ ಬಣ್ಣದ ಮುದ್ರಣದ ಯಂತ್ರಗಳಿಗಾಗಿ ಜರ್ಮನಿಗೆ ಹೋಗಿಬಂದರು. ಬಣ್ಣದ ಚಿತ್ರವನ್ನು ಅಚ್ಚು ಮಾಡುವಾಗ ಒಂದೊಂದು ಬಣ್ಣಕ್ಕೆ ಒಂದೊಂದು ಅಚ್ಚು ಬೇಕು. ಒಂದರ ಮೇಲೆ ಒಂದನ್ನು ಒತ್ತುವಾಗ ಕೂದಲೆಳೆಯಷ್ಟು ಸರಿದರೂ ಲಕ್ಷ್ಮಿಯ ತುಟಿಯ ಕೆಂಪು ಗಲ್ಲಕ್ಕೆ ಹೋಗಿಬಿಡುತ್ತದೆ! ಬೇರೆ ಬೇರೆ ಚಿತ್ರಗಳನ್ನು ಒಂದರ ಮೇಲೊಂದು ಕರಾರುವಾಕ್ಕಾಗಿ ಕೂಡಿಸಿ, ಒಂದೇ ಚಿತ್ರವೆಂಬಂತೆ ತೋರಿಸುವ ಈ ಹದವೇ ಚಲನಚಿತ್ರದ ಕಣ್ಕಟ್ಟಿನ ಜೀವಾಳ. ಫಾಲ್ಕೆಯವರು ಅದನ್ನು ಸಿನಿಮಾ ನೋಡುವ ಮೊದಲೇ ಕಲಿತಿದ್ದರು.

ಪಾಲುದಾರರೊಂದಿಗೆ ಮನಸ್ತಾಪವಾಗಿ ಆ ಉದ್ಯಮವೂ ಅವರ ಕೈಬಿಟ್ಟಿತು. ನಲವತ್ತು ದಾಟಿದ ವಯಸ್ಸು, ಕೈಯಲ್ಲಿ ಕೆಲಸವಿಲ್ಲ, ಮನೆಯಲ್ಲಿ ಮಡದಿ ಮಕ್ಕಳು. 1911ರ ಈಸ್ಟರ್ ಹಬ್ಬದ ಸಮಯದಲ್ಲಿ ಮುಂಬಯಿಯ ಗಿರಗಾಂವದ ಚಿತ್ರಮಂದಿರವೊಂದರಲ್ಲಿ ಅವರು ಯೇಸುಕ್ರಿಸ್ತನ ಜೀವನವನ್ನು ಕುರಿತ ಚಿತ್ರವನ್ನು ಕಂಡರು. ಪರದೆಯ ಮೇಲೆ ಕ್ರಿಸ್ತನು ನಡೆದಾಡುತ್ತಿದ್ದಾಗ, ಅವರ ಮನಸ್ಸಿನ ಮುಂದೆ ರಾಮನೂ ಕೃಷ್ಣನೂ ಸುಳಿದರು. ನಮ್ಮ ಕಥೆಗಳನ್ನು ನಾವೇ ಪರದೆಯ ಮೇಲೆ ಏಕೆ ತರಬಾರದು ಎಂಬ ಹಂಬಲ ಹುಟ್ಟಿತು. ಅಂದಿನಿಂದ ಅವರು ಹಗಲಿರುಳು ಚಿತ್ರಗಳನ್ನು ನೋಡತೊಡಗಿದರು. ದೊರೆತ ಫಿಲ್ಮಿನ ತುಣುಕುಗಳನ್ನು ಮನೆಯಲ್ಲಿ ಪರೀಕ್ಷಿಸಿದರು. ನಿದ್ರೆಗೆಟ್ಟ ಈ ಸಾಧನೆಯಲ್ಲಿ ಅವರ ದೃಷ್ಟಿಯೇ ಕುಂದಿ, ಕೆಲಕಾಲ ಕಣ್ಣು ಕಾಣದಂತಾಯಿತು. ವೈದ್ಯರ ಚಿಕಿತ್ಸೆಯಿಂದ ದೃಷ್ಟಿ ಮರಳಿತು. ಲೋಕದ ಕಣ್ಣು ಕಟ್ಟಲು ಹೊರಟವರು ಮೊದಲು ತಮ್ಮ ಕಣ್ಣುಗಳನ್ನೇ ಪಣವಾಗಿ ಒಡ್ಡಿದ್ದರು.

ಜೀವವಿಮೆಯ ಪತ್ರಗಳನ್ನು ಒತ್ತೆಯಿಟ್ಟು ಸಾಲ ಪಡೆದು, 1912ರ ಫೆಬ್ರವರಿಯಲ್ಲಿ ಅವರು ಲಂಡನ್ನಿಗೆ ಹೊರಟರು. ಅಲ್ಲಿ ಸಿಸಿಲ್ ಹೆಪ್‌ವರ್ತ್ ಎಂಬ ನಿರ್ಮಾಪಕರ ಸ್ಟುಡಿಯೋದಲ್ಲಿ ಚಿತ್ರ ತೆಗೆಯುವ ಕ್ರಮವನ್ನು ಕಣ್ಣಾರೆ ಕಂಡರು. ವಿಲಿಯಮ್ಸನ್ ಕ್ಯಾಮೆರಾ, ಫಿಲ್ಮಿನ ಅಂಚಿಗೆ ರಂಧ್ರ ಹಾಕುವ ಯಂತ್ರ ಮುಂತಾದವುಗಳನ್ನು ಕೊಂಡು ತಾಯ್ನಾಡಿಗೆ ಮರಳಿದರು.

ಇಲ್ಲಿ ಚಲನಚಿತ್ರವು ಚಲಿಸುವ ಬಗೆಯನ್ನು ತುಸು ತಿಳಿದುಕೊಳ್ಳೋಣ. ಚಲನಚಿತ್ರದಲ್ಲಿ ಯಾವ ಚಿತ್ರವೂ ಚಲಿಸುವುದಿಲ್ಲ. ಉದ್ದನೆಯ ಫಿಲ್ಮಿನ ಪಟ್ಟಿಯ ಮೇಲೆ ಒಂದರ ಕೆಳಗೊಂದು ನಿಶ್ಚಲ ಚಿತ್ರಗಳಿರುತ್ತವೆ. ಇವುಗಳಿಗೆ ಚೌಕಟ್ಟುಗಳೆನ್ನುತ್ತಾರೆ. ಮೂವತ್ತೈದು ಮಿಲಿಮೀಟರ್ ಅಗಲದ ಫಿಲ್ಮಿನ ಒಂದು ಅಡಿಯಲ್ಲಿ 16 ಚೌಕಟ್ಟುಗಳು. ಮೂಕಚಿತ್ರಗಳ ಕಾಲದಲ್ಲಿ ಸೆಕೆಂಡಿಗೆ ಸುಮಾರು 16 ಚೌಕಟ್ಟುಗಳನ್ನೂ, ಮಾತಿನ ಚಿತ್ರಗಳು ಬಂದ ಮೇಲೆ 24 ಚೌಕಟ್ಟುಗಳನ್ನೂ ಓಡಿಸುವುದು ರೂಢಿಯಾಯಿತು. ಒಂದು ಚೌಕಟ್ಟು ಕ್ಷಣಕಾಲ ನಿಂತು ಬೆಳಗುತ್ತದೆ, ಬೆಳಕು ಮುಚ್ಚುತ್ತದೆ, ಮುಂದಿನ ಚೌಕಟ್ಟು ಬಂದು ನಿಲ್ಲುತ್ತದೆ. ಕಣ್ಣಿನಲ್ಲಿ ಹಿಂದಿನ ಬಿಂಬ ತುಸು ಉಳಿಯುವುದರಿಂದ ಚಲನೆ ತೋರುತ್ತದೆಂದು ಹಿಂದೆ ವಿವರಿಸುತ್ತಿದ್ದರು. ಬಿಡಿಬಿಡಿಯಾದ ಬಿಂಬಗಳನ್ನು ಹೆಣೆದು ನಮ್ಮ ಮಿದುಳೇ ಚಲನೆಯನ್ನು ಕಟ್ಟಿಕೊಳ್ಳುತ್ತದೆ ಎಂದು ಇಂದಿನ ವಿಜ್ಞಾನ ಹೇಳುತ್ತದೆ. ಹೀಗೆ ಸಿನಿಮಾದ ಮೊದಲ ಕಣ್ಕಟ್ಟು ಸಿನಿಮಾವೇ! ಎರಡು ಚೌಕಟ್ಟುಗಳ ನಡುವಿನ ಕತ್ತಲೆಯಲ್ಲಿ ಏನು ನಡೆಯಿತೆಂದು ಪ್ರೇಕ್ಷಕನಿಗೆ ತಿಳಿಯುವುದಿಲ್ಲ. ಉಳಿದ ಚಮತ್ಕಾರಗಳಲ್ಲಿ ಹಲವು ಆ ಕತ್ತಲೆಯಲ್ಲಿಯೇ ಅಡಗಿವೆ.

ಫಾಲ್ಕೆಯವರು ಇದನ್ನು ಮೊದಲು ಒಂದು ಬಟಾಣಿ ಗಿಡದ ಮೂಲಕ ತೋರಿಸಿದರು. ಕುಂಡದಲ್ಲಿ ಬಟಾಣಿ ಬಿತ್ತಿ, ಅದರ ಮುಂದೆ ಕ್ಯಾಮೆರಾವನ್ನು ಅಲುಗದಂತೆ ನಿಲ್ಲಿಸಿ, ಸುಮಾರು ಒಂದು ತಿಂಗಳ ಕಾಲ ಬಿಡಿಬಿಡಿಯಾಗಿ ಚೌಕಟ್ಟುಗಳನ್ನು ತೆಗೆಯುತ್ತ ಹೋದರು. ಆ ಪಟ್ಟಿಯನ್ನು ಒಂದೇ ಸವನೆ ಓಡಿಸಿದಾಗ ಬೀಜ ಒಡೆದು, ಮೊಳಕೆ ತಲೆಯೆತ್ತಿ, ಬಳ್ಳಿ ಹಬ್ಬುವುದು ನೋಡುನೋಡುತ್ತಿದ್ದಂತೆ ನಡೆದುಹೋಯಿತು. ನಂಬಿಕೆಯಿಲ್ಲದೆ ಕುಳಿತಿದ್ದ ಹಣವಂತರು ಈ ಕಿರುಚಿತ್ರವನ್ನು ಕಂಡು ಸಾಲ ಕೊಡಲು ಒಪ್ಪಿದರು. ಇಲ್ಲಿ ಸುಳ್ಳು ಯಾವುದೂ ಇಲ್ಲ. ಗಿಡ ಬೆಳೆದದ್ದು ನಿಜ. ಕಾಲವನ್ನು ಮಾತ್ರ ಮಡಿಸಿ ಇಟ್ಟಿದ್ದರು. ಬರಿಗಣ್ಣಿಗೆ ಕಾಣದ ಸತ್ಯವೊಂದನ್ನು ಕಣ್ಕಟ್ಟು ಕಾಣಿಸಿಕೊಟ್ಟಿತು.

ಆಮೇಲೆ 'ರಾಜಾ ಹರಿಶ್ಚಂದ್ರ'ದ ಕೆಲಸ ಆರಂಭವಾಯಿತು. ಆ ಚಿತ್ರ ಸುಮಾರು 3700 ಅಡಿ ಉದ್ದ. ಎಂದರೆ 59 ಸಾವಿರಕ್ಕೂ ಹೆಚ್ಚು ನಿಶ್ಚಲ ಚಿತ್ರಗಳು. ಬಣ್ಣ ಹಚ್ಚಿಕೊಂಡು ನಟಿಸಲು ಹೆಂಗಸರು ಮುಂದೆ ಬಾರದ ಕಾಲವದು. ಉಪಾಹಾರಗೃಹದಲ್ಲಿ ಕೆಲಸಕ್ಕಿದ್ದ ಸಾಳುಂಕೆ ಎಂಬ ತರುಣನೇ ತಾರಾಮತಿಯಾದನು. ಫಾಲ್ಕೆಯವರ ಮಗ ಭಾಲಚಂದ್ರನು ರೋಹಿತಾಶ್ವನ ಪಾತ್ರ ವಹಿಸಿದನು.

ಈ ಸಾಹಸದಲ್ಲಿ ಫಾಲ್ಕೆಯವರ ಪತ್ನಿ ಸರಸ್ವತೀಬಾಯಿಯವರ ಪಾಲು ಅರ್ಧಕ್ಕಿಂತ ಕಡಿಮೆಯಲ್ಲ. ಹಣ ಸಾಲದಾದಾಗ ಅವರು ತಮ್ಮ ಒಡವೆಗಳನ್ನು ಕೊಟ್ಟರು. ತಂಡದ ಅರವತ್ತು ಎಪ್ಪತ್ತು ಜನಕ್ಕೆ ಅಡುಗೆ ಮಾಡಿ ಬಡಿಸಿದರು. ಇಷ್ಟೇ ಆಗಿದ್ದರೆ ತ್ಯಾಗಮಯಿ ಗೃಹಿಣಿ ಎಂದು ಹೇಳಿ ಮುಗಿಸಬಹುದಿತ್ತು. ಆದರೆ ಅವರು ಕುಶಲ ತಂತ್ರಜ್ಞೆಯೂ ಆದರು. ಆಗ ಬರುತ್ತಿದ್ದ ಕಚ್ಚಾ ಫಿಲ್ಮಿಗೆ ಅಂಚಿನ ರಂಧ್ರಗಳಿರುತ್ತಿರಲಿಲ್ಲ. ಕ್ಯಾಮೆರಾದ ಹಲ್ಲುಗಳು ಫಿಲ್ಮನ್ನು ಹಿಡಿದು ಎಳೆಯುವುದು ಈ ರಂಧ್ರಗಳಿಂದಲೇ. ಒಂದು ಅಡಿ ಫಿಲ್ಮಿಗೆ ಒಂದೊಂದು ಅಂಚಿನಲ್ಲಿ 64 ರಂಧ್ರಗಳು ಬೇಕು. ಬೆಳಕು ತಗಲಿದರೆ ಫಿಲ್ಮು ಕೆಡುವುದರಿಂದ ಈ ಕೆಲಸವನ್ನು ಕತ್ತಲೆಯಲ್ಲಿಯೇ ಮಾಡಬೇಕು. ಹಗಲೆಲ್ಲ ಒಲೆಯ ಮುಂದೆ ದುಡಿದ ಕೈ, ರಾತ್ರಿ ಕತ್ತಲೆಯ ಕೋಣೆಯಲ್ಲಿ ಯಂತ್ರದ ಮುಂದೆ ಕುಳಿತು ಫಿಲ್ಮಿಗೆ ರಂಧ್ರಗಳನ್ನು ಹಾಕಿತು. ಫಿಲ್ಮು ತೊಳೆಯುವ ಕೆಲಸದಲ್ಲಿಯೂ ಅವರು ನೆರವಾದರು. ಒಂದು ರಂಧ್ರ ಓರೆಯಾದರೂ ಪರದೆಯ ಮೇಲೆ ಚಿತ್ರ ನಡುಗುತ್ತದೆ. ನಡುಗುವ ಚಿತ್ರದಲ್ಲಿ ಯಾವ ಕಣ್ಕಟ್ಟೂ ನಿಲ್ಲಲಾರದು.

1913ರ ಮೇ 3ರಂದು ಮುಂಬಯಿಯ ಕಾರೊನೇಷನ್ ಚಿತ್ರಮಂದಿರದಲ್ಲಿ 'ರಾಜಾ ಹರಿಶ್ಚಂದ್ರ' ಸಾರ್ವಜನಿಕರಿಗೆ ತೆರೆಯಿತು. ಭಾರತದ ಮೊದಲ ಪೂರ್ಣಪ್ರಮಾಣದ ಕಥಾಚಿತ್ರವೆಂದು ಅದು ಹೆಸರಾಯಿತು. ಕೊನೆಯಲ್ಲಿ ದೇವರು ಪ್ರತ್ಯಕ್ಷನಾಗುವ ದೃಶ್ಯವನ್ನು ಕಂಡು ಜನರು ಬೆರಗಾದರು.

ಇಂಥ ದೃಶ್ಯಗಳನ್ನು ತೆಗೆಯುತ್ತಿದ್ದ ಬಗೆ ಹೇಗೆ? ಅವುಗಳಲ್ಲಿ ಮುಖ್ಯವಾದ ನಾಲ್ಕು ಉಪಾಯಗಳಿವೆ.

ಮೊದಲನೆಯದು, ನಿಲ್ಲಿಸಿ ತೆಗೆಯುವುದು. ಬರಿಯ ನೆಲವನ್ನು ಕೆಲವು ಅಡಿ ಚಿತ್ರೀಕರಿಸಿ ಕ್ಯಾಮೆರಾವನ್ನು ನಿಲ್ಲಿಸುತ್ತಾರೆ. ಅದನ್ನು ಕೂದಲೆಳೆಯಷ್ಟೂ ಅಲುಗಿಸದೆ, ನಟನನ್ನು ಆ ನೆಲದ ಮೇಲೆ ನಿಲ್ಲಿಸಿ ಮತ್ತೆ ಚಿತ್ರೀಕರಣ ಆರಂಭಿಸುತ್ತಾರೆ. ಪರದೆಯ ಮೇಲೆ ಋಷಿಯು ಶೂನ್ಯದಿಂದ ಪ್ರತ್ಯಕ್ಷನಾಗುತ್ತಾನೆ. ಫ್ರಾನ್ಸಿನ ಜಾದೂಗಾರ ಜಾರ್ಜ್ ಮೆಲಿಯೆಸ್ ಇದನ್ನು ಆಕಸ್ಮಿಕವಾಗಿ ಕಂಡುಕೊಂಡನೆಂದು ತಾನೇ ಹೇಳಿಕೊಂಡಿದ್ದಾನೆ. ಪ್ಯಾರಿಸಿನ ಬೀದಿಯನ್ನು ಚಿತ್ರೀಕರಿಸುತ್ತಿದ್ದಾಗ ಕ್ಯಾಮೆರಾ ಸಿಕ್ಕಿಕೊಂಡು ನಿಂತು ಮತ್ತೆ ಓಡಿತಂತೆ. ಆ ಚಿತ್ರವನ್ನು ತೋರಿಸಿದಾಗ ಜನರನ್ನು ಒಯ್ಯುತ್ತಿದ್ದ ಬಂಡಿ ಥಟ್ಟನೆ ಹೆಣದ ಬಂಡಿಯಾಯಿತಂತೆ!

ಎರಡನೆಯದು, ಒಂದೇ ಫಿಲ್ಮಿನ ಮೇಲೆ ಎರಡು ಸಲ ಬೆಳಕು ಬಿಡುವುದು. ಮೊದಲು ಅರಮನೆಯನ್ನು ಚಿತ್ರೀಕರಿಸಿ, ಫಿಲ್ಮನ್ನು ಹಿಂದಕ್ಕೆ ಸುತ್ತುತ್ತಾರೆ. ಅನಂತರ ಕಪ್ಪು ಬಟ್ಟೆಯ ಮುಂದೆ ನಟನನ್ನು ನಿಲ್ಲಿಸಿ ಅದೇ ಫಿಲ್ಮಿನ ಮೇಲೆ ಮತ್ತೊಮ್ಮೆ ಚಿತ್ರೀಕರಿಸುತ್ತಾರೆ. ಕಪ್ಪು ಬಟ್ಟೆಯಿಂದ ಬೆಳಕು ಬಾರದುದರಿಂದ ಆ ಭಾಗದಲ್ಲಿ ಅರಮನೆ ಹಾಗೆಯೇ ಉಳಿಯುತ್ತದೆ. ನಟನ ಆಕೃತಿ ಮಾತ್ರ ನೆರಳಿನಂತೆ ಅದರ ಮೇಲೆ ಮೂಡುತ್ತದೆ. ಗೋಡೆಯನ್ನು ಹಾದುಹೋಗುವ ಆತ್ಮ, ಆಕಾಶದಲ್ಲಿ ತೋರುವ ದೇವತೆ ಇವರೆಲ್ಲ ಹೀಗೆ ಬಂದವರು.

ಮೂರನೆಯದು, ಮರೆಮಾಡಿ ತೆಗೆಯುವುದು. ಇದು ನಾನು ಬಾಲ್ಯದಲ್ಲಿ ಸ್ಟುಡಿಯೋದ ಗೋಡೆಯ ಮೇಲೆ ಕಂಡ ಉಪಾಯ. 1977ರ ಕನ್ನಡ ಚಿತ್ರ 'ಬಭ್ರುವಾಹನ'ದಲ್ಲಿ ಡಾ. ರಾಜ್‌ಕುಮಾರರು ತಂದೆ ಅರ್ಜುನನಾಗಿಯೂ ಮಗ ಬಭ್ರುವಾಹನನಾಗಿಯೂ ಎದುರುಬದುರು ನಿಂತದ್ದನ್ನು ನಿಮ್ಮ ಹಿರಿಯರು ಇಂದಿಗೂ ನೆನೆಯುತ್ತಾರೆ. ಇಂಥ ದ್ವಿಪಾತ್ರದ ದೃಶ್ಯಗಳಿಗೆಲ್ಲ ಈ ಉಪಾಯವೇ ಮೂಲ.

ನಾಲ್ಕನೆಯದು, ಚಿಕ್ಕದನ್ನು ದೊಡ್ಡದಾಗಿ ತೋರಿಸುವುದು. ಮರ, ರಟ್ಟು, ಮಣ್ಣುಗಳಿಂದ ಮೊಳದೆತ್ತರದ ಪಟ್ಟಣವನ್ನು ಕಟ್ಟಿ, ಹತ್ತಿರದಿಂದ ಚಿತ್ರಿಸಿದರೆ ಅದು ಮಹಾನಗರವಾಗುತ್ತದೆ. ಚಿಕ್ಕ ಬೆಂಕಿ ಬೇಗ ಬೇಗ ಕುಣಿಯುವುದರಿಂದ ಸೆಕೆಂಡಿಗೆ ಹೆಚ್ಚು ಚೌಕಟ್ಟುಗಳನ್ನು ತೆಗೆದು, ತೋರಿಸುವಾಗ ನಿಧಾನಗೊಳಿಸುತ್ತಾರೆ. ಆಗ ಅಂಗೈಯಗಲದ ಉರಿಯೂ ದಾವಾನಲದಂತೆ ತೋರುತ್ತದೆ.

ಈ ನಾಲ್ಕಕ್ಕೂ ಬೇಕಾದುದು ಛಾಯಾಗ್ರಾಹಕನ ಶಿಸ್ತು. ಬೆಳಕಿನ ಅಳತೆ ಎರಡು ಸಲವೂ ಒಂದೇ ಆಗಿರಬೇಕು. ಕ್ಯಾಮೆರಾ ಅಲುಗಬಾರದು. ಹಿಂದಕ್ಕೆ ಸುತ್ತಿದ ಚೌಕಟ್ಟುಗಳ ಲೆಕ್ಕ ತಪ್ಪಬಾರದು. ಫಿಲ್ಮು ತೊಳೆದು ಮುಗಿಯುವ ತನಕ ತಪ್ಪೋ ಸರಿಯೋ ತಿಳಿಯುವುದಿಲ್ಲ; ತಿಳಿದ ಮೇಲೆ ತಿದ್ದಲು ಬರುವುದಿಲ್ಲ.

1917ರಲ್ಲಿ ಬಂದ ಫಾಲ್ಕೆಯವರ 'ಲಂಕಾದಹನ'ದಲ್ಲಿ ಹನುಮಂತನು ಹಾರಿದನು, ಲಂಕೆ ಉರಿಯಿತು. ಸಾಳುಂಕೆಯವರೇ ರಾಮನೂ ಸೀತೆಯೂ ಆಗಿ ನಟಿಸಿದರು. ರಾಮನು ಪರದೆಯ ಮೇಲೆ ಬಂದಾಗ ಜನರು ಪಾದರಕ್ಷೆಗಳನ್ನು ಕಳಚಿ ಕೈಮುಗಿಯುತ್ತಿದ್ದರೆಂದು ಚರಿತ್ರೆಯನ್ನು ಬರೆದವರು ಹೇಳುತ್ತಾರೆ. ಅದನ್ನು ಓದಿದಾಗ ನನಗೆ ಡೇರೆಯಲ್ಲಿ ಕೈ ಮುಗಿದಿದ್ದ ಅಜ್ಜಿಯ ನೆನಪಾಯಿತು. 1919ರ 'ಕಾಲಿಯಾ ಮರ್ದನ'ದಲ್ಲಿ ಮಗಳು ಮಂದಾಕಿನಿ ಬಾಲಕೃಷ್ಣಳಾದಳು. ಆ ಚಿತ್ರದ ಮೊದಲಲ್ಲಿ ಆ ಹುಡುಗಿಯ ಮುಖದ ನಾನಾ ಭಾವಗಳನ್ನು ತೋರಿಸಿ, ಅನಂತರವೇ ಅವಳನ್ನು ಕೃಷ್ಣನನ್ನಾಗಿ ಮಾರ್ಪಡಿಸಿ ತೋರಿಸಿದ್ದಾರೆ. ಕೃಷ್ಣನಾಗಿ ನಟಿಸುತ್ತಿರುವವಳು ಒಂದು ಹುಡುಗಿ ಎಂಬುದನ್ನು ಅವರು ಬಚ್ಚಿಡಲಿಲ್ಲ.

ಇನ್ನೂ ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ಜಾದೂಗಾರರು ತಮ್ಮ ಗುಟ್ಟನ್ನು ಬಿಟ್ಟುಕೊಡುವುದಿಲ್ಲ. ಆದರೆ ಪ್ರೊಫೆಸರ್ ಕೆಲ್ಫಾ ಆಗಿದ್ದ ಫಾಲ್ಕೆಯವರು ಚಲನಚಿತ್ರಗಳನ್ನು ತಯಾರಿಸುವ ಬಗೆಯನ್ನು ವಿವರಿಸುವುದಕ್ಕಾಗಿಯೇ ಒಂದು ಕಿರುಚಿತ್ರವನ್ನು ತೆಗೆದರು. ಅದರಲ್ಲಿ ಅವರು ತಾವೇ ಕಾಣಿಸಿಕೊಂಡು ಕೆಲಸದ ಕ್ರಮವನ್ನು ತೋರಿಸುತ್ತಾರೆ. ಬೆರಗುಗೊಳಿಸುವುದೂ ತಿಳಿಯಹೇಳುವುದೂ ಒಂದಕ್ಕೊಂದು ವೈರಿಗಳಲ್ಲ ಎಂದು ಅವರು ನಂಬಿದ್ದರು.

ಮುಂದಿನ ದಿನಗಳು ಅವರ ಪಾಲಿಗೆ ಸುಗಮವಾಗಿರಲಿಲ್ಲ. 1918ರಲ್ಲಿ ಸ್ಥಾಪನೆಯಾದ ಹಿಂದುಸ್ಥಾನ ಸಿನಿಮಾ ಫಿಲ್ಮ್ಸ್ ಕಂಪನಿಯಲ್ಲಿ ಪಾಲುದಾರರೊಂದಿಗೆ ಮತ್ತೆ ಭಿನ್ನಾಭಿಪ್ರಾಯ ಬಂದಿತು. 1931ರಲ್ಲಿ 'ಆಲಂ ಆರಾ' ಬಂದು ಭಾರತದ ಪರದೆ ಮಾತನಾಡತೊಡಗಿತು. ಮೂಕಚಿತ್ರಗಳ ಕಾಲ ಮುಗಿಯಿತು. ಆಗ ಫಾಲ್ಕೆಯವರನ್ನು ಕೈಹಿಡಿದು ಕರೆದ ಊರು ನಮ್ಮ ನೆರೆಯ ಕೊಲ್ಲಾಪುರ.

ಕೊಲ್ಲಾಪುರಕ್ಕೆ ಆ ವೇಳೆಗೆ ತನ್ನದೇ ಆದ ಚಿತ್ರಪರಂಪರೆಯಿತ್ತು. ನಾಟಕದ ಪರದೆಗಳನ್ನು ಬರೆಯುತ್ತಿದ್ದ ಬಾಬುರಾವ್ ಪೇಂಟರ್ ಎಂಬ ಕಲಾವಿದರು ತಾವೇ ಕ್ಯಾಮೆರಾವನ್ನು ಕಟ್ಟಿ, 1920ರಲ್ಲಿ 'ಸೈರಂಧ್ರಿ' ಎಂಬ ಚಿತ್ರವನ್ನು ತೆರೆಗೆ ತಂದಿದ್ದರು. ಕನ್ನಡಿಗರಿಗೂ ಆ ಊರಿನ ಋಣವಿದೆ. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ'ದ ಚಿತ್ರೀಕರಣ ನಡೆದದ್ದು ಕೊಲ್ಲಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ಇಂದ್ರಜಿತುವಾಗಿ ಸುಬ್ಬಯ್ಯ ನಾಯ್ಡು, ರಾವಣನಾಗಿ ಆರ್. ನಾಗೇಂದ್ರರಾವ್ ಕನ್ನಡದಲ್ಲಿ ಗರ್ಜಿಸಿದ್ದು ಪಂಚಗಂಗೆಯ ದಡದ ಆ ಊರಿನಲ್ಲಿ. ಆ ಚಿತ್ರದ ಒಂದು ಪ್ರತಿಯೂ ಇಂದು ಉಳಿದಿಲ್ಲ.

ಅದೇ ಕೊಲ್ಲಾಪುರದಲ್ಲಿ ಫಾಲ್ಕೆಯವರು 'ಗಂಗಾವತರಣ' ಎಂಬ ಚಿತ್ರವನ್ನು ನಿರ್ದೇಶಿಸಿದರು. 1937ರಲ್ಲಿ ತೆರೆಕಂಡ ಅದು ಅವರ ಏಕೈಕ ವಾಕ್ಚಿತ್ರ, ಕೊನೆಯ ಚಿತ್ರವೂ ಹೌದು. ಆಕಾಶದಿಂದ ಗಂಗೆ ಇಳಿಯುವ ಕಥೆಗಿಂತ ಕಣ್ಕಟ್ಟಿಗೆ ತಕ್ಕ ವಸ್ತು ಮತ್ತೊಂದುಂಟೆ? ಆಗ ಅವರು ಅರವತ್ತೇಳು ವರ್ಷದ ಮುದುಕರು. ಅದಾದ ಮೇಲೆ ನಾಸಿಕಕ್ಕೆ ಮರಳಿ, 1944ರ ಫೆಬ್ರವರಿ 16ರಂದು ಅಲ್ಲಿಯೇ ಕಣ್ಮುಚ್ಚಿದರು. ಕೊನೆಗಾಲದಲ್ಲಿ ಅವರನ್ನು ಕೇಳುವವರೂ ಇರಲಿಲ್ಲ. ಅವರ ಬಹುಪಾಲು ಚಿತ್ರಗಳು ನಾಶವಾದವು. 'ರಾಜಾ ಹರಿಶ್ಚಂದ್ರ'ದ ಒಂದಷ್ಟು ಭಾಗ ಮಾತ್ರ ಉಳಿದಿದೆ. ಸಾವಿರಾರು ಜನರನ್ನು ಪರದೆಯ ಮೇಲೆ ತೋರಿಸಿ ಮಾಯಮಾಡಿದವರು ತಾವೂ ಜನರ ನೆನಪಿನಿಂದ ಮಾಯವಾದಂತಿದ್ದರು.

ನಾಡು ತಡವಾಗಿಯಾದರೂ ಅವರನ್ನು ನೆನೆಯಿತು. 1969ರಲ್ಲಿ ಭಾರತ ಸರಕಾರವು ಚಲನಚಿತ್ರರಂಗದ ಜೀವಮಾನದ ಸಾಧನೆಗೆ ಅವರ ಹೆಸರಿನಲ್ಲಿ ಪ್ರಶಸ್ತಿಯನ್ನು ಆರಂಭಿಸಿತು. ಡಾ. ರಾಜ್‌ಕುಮಾರರಿಗೆ ಆ ಪ್ರಶಸ್ತಿ ಬಂದುದು ನಿಮಗೆ ತಿಳಿದಿರಬಹುದು. ಮತ್ತೊಬ್ಬ ಕನ್ನಡಿಗರಿಗೂ ಅದು ಸಂದಿದೆ. ಅವರು ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತ ವಿ. ಕೆ. ಮೂರ್ತಿಯವರು. 2008ನೆಯ ಸಾಲಿನ ಈ ಪ್ರಶಸ್ತಿಯನ್ನು ಪಡೆದು, ಆ ಗೌರವಕ್ಕೆ ಪಾತ್ರರಾದ ಮೊದಲ ಛಾಯಾಗ್ರಾಹಕರೆನಿಸಿದರು. 1959ರ 'ಕಾಗಜ್ ಕೆ ಫೂಲ್' ಎಂಬ ಹಿಂದಿ ಚಿತ್ರದಲ್ಲಿ ಸ್ಟುಡಿಯೋದ ಮೇಲಿನಿಂದ ಬೆಳಕಿನ ಕಂಬವೊಂದು ಇಳಿಯುವ ದೃಶ್ಯವಿದೆ. ಅದಕ್ಕಾಗಿ ಮೂರ್ತಿಯವರು ಎರಡು ದೊಡ್ಡ ಕನ್ನಡಿಗಳನ್ನಿಟ್ಟು, ಹೊರಗಿನ ಸೂರ್ಯನನ್ನೇ ಒಳಕ್ಕೆ ಕರೆತಂದರು. ಬೆಳಕನ್ನು ಅರಿತವನಿಗೆ ಎರಡು ಕನ್ನಡಿಗಳೇ ಸಾಕಾದವು.

ಇಂದು ಗಣಕಯಂತ್ರಗಳು ಬಂದಿವೆ. ಕಪ್ಪು ಬಟ್ಟೆಯ ಜಾಗದಲ್ಲಿ ಹಸಿರು ಪರದೆ ಬಂದಿದೆ. ಆ ಹಸಿರನ್ನು ಗಣಕಯಂತ್ರ ಅಳಿಸಿ, ಬೇಕಾದ ಬೆಟ್ಟವನ್ನೋ ಕಡಲನ್ನೋ ಅಲ್ಲಿ ಕೂಡಿಸುತ್ತದೆ. ರಟ್ಟಿನ ಪಟ್ಟಣದ ಬದಲು ಅಂಕಿಗಳಲ್ಲಿ ಕಟ್ಟಿದ ಪಟ್ಟಣವಿದೆ. ಸಾಧನ ಬೇರೆಯಾದರೂ ಮೂಲತತ್ವ ಅದೇ: ಬೇರೆ ಬೇರೆ ಚಿತ್ರಗಳನ್ನು ಕರಾರುವಾಕ್ಕಾಗಿ ಕೂಡಿಸಿ ಒಂದೆಂದು ತೋರಿಸುವುದು. ಇಂದಿಗೂ ಈ ಕಸಬಿಗೆ ಹೋಗುವವರು ಮೊದಲು ಕಲಿಯಬೇಕಾದುದು ಬೆಳಕು ಯಾವ ಕಡೆಯಿಂದ ಬೀಳುತ್ತದೆ, ನೆರಳು ಯಾವ ಕಡೆಗೆ ಚಾಚುತ್ತದೆ ಎಂಬ ಛಾಯಾಗ್ರಾಹಕನ ಮೊದಲ ಪಾಠವನ್ನೇ. ಕೂಡಿಸಿದ ಚಿತ್ರದಲ್ಲಿ ನೆರಳು ತಪ್ಪಿದರೆ ಕಣ್ಕಟ್ಟು ಬಯಲಾಗುತ್ತದೆ.

ಆದರೆ ಒಂದು ವ್ಯತ್ಯಾಸವುಂಟು. ಫಾಲ್ಕೆಯವರ ಕಾಲದಲ್ಲಿ ಕಣ್ಕಟ್ಟು ಡೇರೆಯೊಳಗೆ ಇತ್ತು. ಹಣ ಕೊಟ್ಟು ಒಳಗೆ ಹೋದವನಿಗೆ ತಾನು ಆಟ ನೋಡುತ್ತಿದ್ದೇನೆಂಬ ಅರಿವಿತ್ತು. ಇಂದು ಅದು ನಮ್ಮ ಅಂಗೈಯ ಮೊಬೈಲಿನಲ್ಲಿ, ಸುದ್ದಿಯ ವೇಷದಲ್ಲಿಯೂ ಬರುತ್ತದೆ. ಆಡದ ಮಾತನ್ನು ಆಡಿದಂತೆ, ಇಲ್ಲದ ಜಾಗದಲ್ಲಿ ಇದ್ದಂತೆ ಯಾರನ್ನು ಬೇಕಾದರೂ ತೋರಿಸಬಹುದಾಗಿದೆ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಕಣ್ಕಟ್ಟಿನ ವಿದ್ಯೆ ಕೆಟ್ಟದ್ದಲ್ಲ. ಬಟಾಣಿಯ ಮೊಳಕೆಯನ್ನು ತೋರಿಸಿದ ವಿದ್ಯೆಯೇ ಅದು. ಅದನ್ನು ತಾನು ಮಾಡಿದೆನೆಂದು ಎದುರಿಗೆ ಬಂದು ಹೇಳುವವನು ಕಲೆಗಾರ. ಮಾಡಿ ಮರೆಯಲ್ಲಿ ನಿಲ್ಲುವವನು ವಂಚಕ.

ಅಜ್ಜಿ ತೀರಿಕೊಂಡು ಬಹಳ ವರ್ಷಗಳಾದವು. ಫಾಲ್ಕೆಯವರ ಕಥೆಯನ್ನು ನಾನು ಓದಿ ತಿಳಿಯುವ ಹೊತ್ತಿಗೆ ಅದನ್ನು ಕೇಳಲು ಅವಳಿರಲಿಲ್ಲ. ಅಕ್ಷರ ಬಾರದ ಅವಳು ಅಂದು ಕೇಳಿದ್ದು ಎಂಥ ಪ್ರಶ್ನೆಯೆಂದು ಈಗ ಅನಿಸುತ್ತದೆ. ಹನುಮಪ್ಪ ಹಾರಿದ್ದು ಸುಳ್ಳೋ ನಿಜವೋ ಎಂದು ಅವಳು ವಾದಕ್ಕೆ ನಿಲ್ಲಲಿಲ್ಲ. ಹಾರಿಸಿದವನ ಹೆಸರನ್ನು ಕೇಳಿದಳು. ಬೆರಗಾಗಿಸುವ ಚಿತ್ರವೊಂದು ನಿಮ್ಮ ಮುಂದೆ ಬಂದಾಗ ನೀವೂ ಅದನ್ನೇ ಕೇಳಿರಿ: ಇದನ್ನು ಮಾಡಿದವರು ಯಾರು? ಹೇಗೆ ಮಾಡಿದರು? ಯಾತಕ್ಕಾಗಿ ಮಾಡಿದರು?

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಫಾಲ್ಕೆಯವರು ಜಾದೂಗಾರರಾಗಿ ಯಾವ ಹೆಸರನ್ನು ಇಟ್ಟುಕೊಂಡಿದ್ದರು?
2. ಕನ್ನಡದ ಮೊದಲ ವಾಕ್ಚಿತ್ರದ ಚಿತ್ರೀಕರಣ ಎಲ್ಲಿ ನಡೆಯಿತು?
3. ಒಂದು ಅಡಿ ಫಿಲ್ಮಿನಲ್ಲಿ ಎಷ್ಟು ಚೌಕಟ್ಟುಗಳಿರುತ್ತವೆ?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಬಣ್ಣದ ಮುದ್ರಣದ ಅನುಭವ ಫಾಲ್ಕೆಯವರಿಗೆ ಮುಂದೆ ಹೇಗೆ ನೆರವಾಯಿತು?
2. ಸರಸ್ವತೀಬಾಯಿಯವರನ್ನು ಲೇಖಕರು ತಂತ್ರಜ್ಞೆ ಎಂದು ಕರೆಯಲು ಕಾರಣವೇನು?
3. ಕಲೆಗಾರನಿಗೂ ವಂಚಕನಿಗೂ ಲೇಖಕರು ಕಾಣುವ ವ್ಯತ್ಯಾಸವನ್ನು ವಿವರಿಸಿರಿ.

ಇ) ಮಾಡಿ ನೋಡಿರಿ.
ಹಳೆಯ ನೋಟುಪುಸ್ತಕದ ಹಾಳೆಗಳ ಮೂಲೆಯಲ್ಲಿ, ಹಾಳೆಗೊಂದರಂತೆ, ಹಾರುವ ಹಕ್ಕಿಯ ರೆಕ್ಕೆಯ ಸ್ಥಾನವನ್ನು ತುಸು ತುಸುವೇ ಬದಲಿಸುತ್ತ 32 ಚಿತ್ರಗಳನ್ನು ಬರೆಯಿರಿ. ಹಾಳೆಗಳನ್ನು ಹೆಬ್ಬೆರಳಿನಿಂದ ವೇಗವಾಗಿ ಬಿಡಿರಿ. ಕಂಡುದನ್ನು ವರ್ಗದಲ್ಲಿ ವಿವರಿಸಿರಿ.